ಪುಣೆಯ ಪುಟ್ಟ ಅಡುಗೆಮನೆಗೆ ಎಂಥ ರೇಡಿಯೊ?

ಪುಣೆಯ ಒಂದು ಬಿಎಚ್‌ಕೆ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅಳತೆಯ ಟೇಪು ಹಿಡಿದು ನಿಂತರೆ ತೊಡಕು ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ಗ್ರಾನೈಟಿನ ಕಟ್ಟೆ, ಇಲ್ಲಿಯವರ ಬಾಯಲ್ಲಿ ಓಟಾ, ಎರಡಡಿ ಅಗಲ. ಅದರ ಮೇಲೆ ಗ್ಯಾಸ್ ಒಲೆ, ಸಿಂಕು, ಮಿಕ್ಸರ್, ಕುಡಿಯುವ ನೀರಿನ ಪಾತ್ರೆ, ಎಣ್ಣೆ-ಉಪ್ಪಿನ ಡಬ್ಬಿಗಳು ಕೂತ ಮೇಲೆ ರೊಟ್ಟಿ ತಟ್ಟಲು ಉಳಿಯುವುದು ಇನ್ನೊಂದು ಎರಡಡಿ. ಅಲ್ಲಿ ರೇಡಿಯೊ ತಂದಿಟ್ಟರೆ ಪರಾತ ಎಲ್ಲಿಡುವುದು?

ಆದರೂ ಮನೆಯಲ್ಲಿ ರೇಡಿಯೊ ಬೇಕಾದ ಜಾಗ ಅಡುಗೆಮನೆಯೇ. ಬೆಳಿಗ್ಗೆ ಎರಡು ತಾಸು, ಸಂಜೆ ಒಂದೂವರೆ ತಾಸು ಅಲ್ಲಿ ನಿಲ್ಲುವವರ ಕೈಗೆ ಬಿಡುವಿಲ್ಲ, ಕಣ್ಣು ಒಲೆಯ ಮೇಲಿರುತ್ತದೆ. ಕಿವಿಗೆ ಮಾತ್ರ ಬಿಡುವು. ಊರು ಬಿಟ್ಟು ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಆ ಬಿಡುವಿನಲ್ಲಿ ಒಂದಿಷ್ಟು ಕನ್ನಡ ಕೇಳಬೇಕೆಂಬ ಆಸೆಯೂ ಇರುತ್ತದೆ.

ಇದಕ್ಕೆ ಪರಿಹಾರ ಹುಡುಕುವಾಗ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮೊದಲು ಪೆಟ್ಟಿಗೆ ಕೊಂಡು ತರುವುದು, ಆಮೇಲೆ ಅದಕ್ಕೆ ಜಾಗ ಹುಡುಕುವುದು, ಕೊನೆಗೆ ಅದರಲ್ಲಿ ಏನು ಕೇಳಿಸುತ್ತದೆ ಎಂದು ನೋಡುವುದು. ಕ್ರಮ ತಿರುವುಮುರುವಾಗಬೇಕು. ಮೊದಲು ಯಾವ ಸ್ಟೇಷನ್ ಬೇಕು ಎಂದು ತೀರ್ಮಾನಿಸಿ. ಆಮೇಲೆ ಅದು ನಿಮ್ಮ ಅಡುಗೆಮನೆಯ ಯಾವ ಮೂಲೆಗೆ ಬರುತ್ತದೆ ಎಂದು ನೋಡಿ. ಆ ಮೂಲೆಗೆ ಹಿಡಿಸುವ ಪೆಟ್ಟಿಗೆಯನ್ನು ಕೊನೆಗೆ ಕೊಳ್ಳಿ.

ಏನು ಕೇಳುವಿರಿ?

ಪುಣೆಯಲ್ಲಿ ಎಫ್‌ಎಂಗೆ ಬರವಿಲ್ಲ. ವಿವಿಧ ಭಾರತಿ 101 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. 91.1ರಲ್ಲಿ ರೇಡಿಯೊ ಸಿಟಿ, 93.5ರಲ್ಲಿ ರೆಡ್ ಎಫ್‌ಎಂ, 98.3ರಲ್ಲಿ ಮಿರ್ಚಿ. ಪುಣೆ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ ವಿದ್ಯಾವಾಣಿ 107.4ರಲ್ಲಿದೆ. ಆಕಾಶವಾಣಿ ಪುಣೆ ಕೇಂದ್ರದ ಮಧ್ಯಮ ತರಂಗದ ಜಾಗ 792 ಕಿಲೋಹರ್ಟ್ಸ್. ಆ ಕೇಂದ್ರ ಆರಂಭವಾದದ್ದು 1953ರಲ್ಲಿ. ಅದೇ ವರ್ಷ ಗದಗಿನ ನೆಲದಿಂದ ಬಂದ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಈ ಊರಿನಲ್ಲಿ ಸಂಗೀತೋತ್ಸವ ಶುರುಮಾಡಿದರು. ಹಾಗಾಗಿ ಇಲ್ಲಿಯ ಕನ್ನಡ ಮನೆಗಳಲ್ಲಿ ಸಿನಿಮಾ ಹಾಡಿನ ಜೊತೆಗೆ ಖ್ಯಾಲು, ಅಭಂಗ, ದಾಸರ ಪದ ಕೇಳುವವರೂ ಬೇಕಾದಷ್ಟು ಜನ ಇದ್ದಾರೆ. ಸ್ಪೀಕರ್ ಆರಿಸುವಾಗ ಈ ವಿಷಯ ಮತ್ತೆ ಬರುತ್ತದೆ.

ಕನ್ನಡ ಬೇಕೆಂದರೆ ಎರಡು ದಾರಿ. ಒಂದು, ಆಕಾಶವಾಣಿ ಧಾರವಾಡವನ್ನು ಮಧ್ಯಮ ತರಂಗದಲ್ಲಿ ನೇರವಾಗಿ ಹಿಡಿಯಲು ಯತ್ನಿಸುವುದು. ಇನ್ನೊಂದು, ಇಂಟರ್ನೆಟ್ ಮೂಲಕ ಕೇಳುವುದು. ಇವೆರಡಕ್ಕೂ ಬೇಕಾದ ಸಾಧನ ಬೇರೆ, ಇಡುವ ಜಾಗವೂ ಬೇರೆ.

ಎಫ್‌ಎಂ ಕಿಟಕಿಯನ್ನು ಕೇಳುತ್ತದೆ

ಎಫ್‌ಎಂ ಅಲೆ ಬೆಳಕಿನ ಹಾಗೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಎತ್ತರದಿಂದ ಬಿಟ್ಟರೆ ದೂರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಸಿಂಹಗಡದ ಮೇಲೆ ದೂರದರ್ಶನದ ಗೋಪುರ ನಿಂತಿರುವುದು ಈ ಕಾರಣಕ್ಕೇ. ವೇತಾಳ ಟೇಕಡಿ, ಕಾತ್ರಜ್, ಬಾವಧನ್ ಕಡೆ ಗುಡ್ಡದ ಮಗ್ಗುಲಲ್ಲಿ ಮನೆ ಇರುವವರು ಒಂದು ಕೋಣೆಯಲ್ಲಿ ಬರುವ ಸ್ಟೇಷನ್ ಇನ್ನೊಂದರಲ್ಲಿ ಗೊರಗೊರ ಎನ್ನುವುದನ್ನು ಕಂಡರೆ ಅಚ್ಚರಿಪಡಬೇಕಿಲ್ಲ.

ಮನೆಯೊಳಗೆ ಇನ್ನೊಂದು ತಡೆ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳದು. ಗೋಡೆ-ಚಾವಣಿಗಳಲ್ಲಿ ಬಲೆಯಂತೆ ಹೆಣೆದ ಸರಳು ಅಲೆಯನ್ನು ಕುಗ್ಗಿಸುತ್ತದೆ. ಕಿಟಕಿಯ ಗಾಜು ಕುಗ್ಗಿಸುವುದಿಲ್ಲ. ಫ್ರಿಜ್ಜಿನ ಹಿಂದೆ, ಸ್ಟೀಲ್ ಟ್ರಾಲಿಗಳ ನಡುವೆ ಇಟ್ಟ ರೇಡಿಯೊ ಒದ್ದಾಡುವಾಗ ಅದೇ ರೇಡಿಯೊವನ್ನು ಕಿಟಕಿಯ ಬದಿಗೆ ಸರಿಸಿದರೆ ದನಿ ತಿಳಿಯಾಗುತ್ತದೆ.

ಏರಿಯಲ್ ಕಡ್ಡಿಯ ಉದ್ದಕ್ಕೂ ಒಂದು ಲೆಕ್ಕವಿದೆ. 101 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ತಂತಿ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ ಅಷ್ಟುದ್ದದ ಕಡ್ಡಿಯನ್ನು ಎಳೆದು ನಿಲ್ಲಿಸಿದರೆ ಕೈಗೆ ಸಿಕ್ಕಿ ಮುರಿಯುವುದೇ ಹೆಚ್ಚು. ಅದರ ಬದಲು ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿಯನ್ನು 75 ಸೆಂಟಿಮೀಟರ್ ಕತ್ತರಿಸಿ, ಒಂದು ತುದಿಯ ಹೊದಿಕೆ ಸುಲಿದು ಮಡಚಿದ ಕಡ್ಡಿಗೆ ಸುತ್ತಿ, ಉಳಿದದ್ದನ್ನು ಕಿಟಕಿಯ ಚೌಕಟ್ಟಿನ ಮೇಲೆ ಟೇಪಿನಿಂದ ಅಂಟಿಸಿ. ತಂತಿಯ ತಾಮ್ರ ಕಿಟಕಿಯ ಕಬ್ಬಿಣದ ಸರಳಿಗೆ ತಾಗದಂತೆ ನೋಡಿಕೊಳ್ಳಿ. ಇದಕ್ಕೆ ಕಟ್ಟೆಯ ಮೇಲೆ ಒಂದು ಅಂಗುಲ ಜಾಗವೂ ಬೇಡ.

ಮೊಬೈಲಿನಲ್ಲೇ ಎಫ್‌ಎಂ ಇದ್ದರೆ ಸಾಲದೇ ಎಂದು ಕೇಳಬಹುದು. ಕೆಲವು ಫೋನುಗಳಲ್ಲಿ ಎಫ್‌ಎಂ ಗ್ರಾಹಕ ಇದೆ. ಅದನ್ನು ಮುಚ್ಚಿಡಬಾರದೆಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆಯನ್ನೂ ಕೊಟ್ಟಿತು. ಆದರೆ ಇಂಥ ಬಹುತೇಕ ಫೋನುಗಳಲ್ಲಿ ಇಯರ್‌ಫೋನಿನ ವೈರೇ ಏರಿಯಲ್. ಅದನ್ನು ಸಿಕ್ಕಿಸಿಯೇ ಇರಬೇಕು. ಒಲೆಯ ಮುಂದೆ ನಿಂತವರಿಗೆ ಅದು ಅನುಕೂಲದ ಮಾತಲ್ಲ.

765ರಲ್ಲಿ ಧಾರವಾಡ

ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ, ಬೇಂದ್ರೆಯವರೂ ಸೇವೆ ಸಲ್ಲಿಸಿದ್ದ ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಶುರುವಾದದ್ದು. ಅದರ ಮಧ್ಯಮ ತರಂಗದ ಜಾಗ 765 ಕಿಲೋಹರ್ಟ್ಸ್. ಪುಣೆಯಿಂದ ಧಾರವಾಡ ನೇರ ಗೆರೆಯಲ್ಲಿ ಸುಮಾರು 360 ಕಿಲೋಮೀಟರ್. ಎಫ್‌ಎಂ ಇಷ್ಟು ದೂರ ಬರುವುದಿಲ್ಲ. ಮಧ್ಯಮ ತರಂಗಕ್ಕೆ ಬರುವ ಶಕ್ತಿಯಿದೆ, ಮುಖ್ಯವಾಗಿ ಹೊತ್ತು ಮುಳುಗಿದ ಮೇಲೆ. ಹಗಲಿನಲ್ಲಿ ಸೂರ್ಯನ ಕಿರಣಗಳಿಂದ ಮೇಲಿನ ವಾಯುಮಂಡಲದಲ್ಲಿ ಹುಟ್ಟುವ ಒಂದು ಪದರ ಈ ಅಲೆಗಳನ್ನು ಹೀರಿಬಿಡುತ್ತದೆ. ಕತ್ತಲಾದಂತೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲೆ ಹೋಗಿ, ಅಲ್ಲಿಂದ ಪುಟಿದು, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಬೆಳಗಿನ ಚಹಾದ ಹೊತ್ತಿಗೆ ಕ್ಷೀಣವಾಗಿದ್ದ ಕೇಂದ್ರ ರಾತ್ರಿಯ ಅಡುಗೆಯ ಹೊತ್ತಿಗೆ ಹತ್ತಿರ ಬಂದಂತೆ ಕೇಳುವುದು ಇದರಿಂದ. ಅಲೆ ಪುಟಿದು ಬರುವುದರಿಂದ ದನಿ ಒಮ್ಮೆ ಏರಿ ಒಮ್ಮೆ ಇಳಿಯುವುದೂ ಉಂಟು.

ಪುಣೆಯಲ್ಲಿ ಇರುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಮಧ್ಯಮ ತರಂಗದಲ್ಲಿ ಕೇಂದ್ರಗಳನ್ನು 9 ಕಿಲೋಹರ್ಟ್ಸ್ ಅಂತರದ ಮನೆಗಳಲ್ಲಿ ಕೂರಿಸಿರುತ್ತಾರೆ. 765ಕ್ಕೂ 792ಕ್ಕೂ ನಡುವಿನ ಅಂತರ 27, ಅಂದರೆ ಮೂರೇ ಮನೆ. ಊರಲ್ಲೇ ಇರುವ ಪುಣೆ ಕೇಂದ್ರದ ಜೋರು ದನಿಯ ಪಕ್ಕದಲ್ಲಿ ದೂರದ ಧಾರವಾಡದ ಮೆಲುದನಿ. ಅಗ್ಗದ ಸೆಟ್ಟಿಗೆ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ, ಧಾರವಾಡದ ಮೇಲೆ ಪುಣೆ ಹರಡಿಕೊಳ್ಳುತ್ತದೆ. ಆದ್ದರಿಂದ ಕನ್ನಡಕ್ಕಾಗಿ ಮಧ್ಯಮ ತರಂಗದ ಸೆಟ್ ಕೊಳ್ಳುವವರು ಪಕ್ಕದ ಸ್ಟೇಷನ್ನುಗಳನ್ನು ಚೆನ್ನಾಗಿ ಬಿಡಿಸುವ ಸೆಟ್ಟನ್ನೇ ನೋಡಬೇಕು. ಅಂಕಿ ತೋರಿಸುವ ಡಿಜಿಟಲ್ ಟ್ಯೂನಿಂಗ್ ಇದ್ದರೆ 765ಕ್ಕೆ ನೇರವಾಗಿ ಹೋಗಿ ನಿಲ್ಲಬಹುದು. ಆದರೆ ಅದು 9 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಸಾಗುವಂಥದ್ದಾಗಿರಬೇಕು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಸೆಟ್ಟುಗಳು 10ರ ಹೆಜ್ಜೆ ಇಡುತ್ತವೆ, ಅವು 765ರ ಮೇಲೆ ನಿಲ್ಲುವುದಿಲ್ಲ.

ಇನ್ನು ದಿಕ್ಕಿನ ಮಾತು. ಮಧ್ಯಮ ತರಂಗಕ್ಕೆ ಹೊರಗಿನ ಉದ್ದ ಕಡ್ಡಿ ಕೆಲಸಕ್ಕೆ ಬರುವುದಿಲ್ಲ. ಸೆಟ್ಟಿನೊಳಗೆ ಉದ್ದಕ್ಕೆ ಮಲಗಿರುವ, ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯೇ ಅದರ ಏರಿಯಲ್. ಕಡ್ಡಿಯ ಮೈ ಕೇಂದ್ರದ ಕಡೆ ಇದ್ದರೆ ದನಿ ಜೋರು, ತುದಿ ಆ ಕಡೆ ಇದ್ದರೆ ಕ್ಷೀಣ. ಧಾರವಾಡ ಪುಣೆಗೆ ದಕ್ಷಿಣದಲ್ಲಿ, ತುಸು ಪೂರ್ವಕ್ಕೆ ವಾಲಿದೆ. ಹಾಗಾಗಿ ಸೆಟ್ಟಿನ ಮುಖವೋ ಬೆನ್ನೋ ದಕ್ಷಿಣಕ್ಕೆ ಇರುವಂತೆ ಇಡಬೇಕು. ಸೆಟ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಪುಣೆಯ ದನಿ ಕುಗ್ಗಿ ಧಾರವಾಡ ಮೇಲೆ ಬರುವ ಸಾಧ್ಯತೆಯೂ ಇದೆ. ಅಡುಗೆಮನೆಯಲ್ಲಿ ದಕ್ಷಿಣ ಯಾವುದೆಂದು ಫೋನಿನ ದಿಕ್ಸೂಚಿ ತೋರಿಸುತ್ತದೆ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಈ ಪರೀಕ್ಷೆ ಮುಗಿದಿರಬೇಕು.

ಇಂಟರ್ನೆಟ್ ರೇಡಿಯೊದ ಲೆಕ್ಕ

ಗೊರಗೊರ ಇಲ್ಲದೆ ಕನ್ನಡ ಬೇಕೆನ್ನುವವರಿಗೆ ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್ ಸುಲಭದ ದಾರಿ. ದೇಶದ ನೂರಾರು ಆಕಾಶವಾಣಿ ವಾಹಿನಿಗಳು ಅದರಲ್ಲಿವೆ. ಧಾರವಾಡವೂ ಇದೆ, ಬೆಂಗಳೂರೂ ಇದೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ‘ರಾಗಂ’ ಇಡೀ ದಿನ ಶಾಸ್ತ್ರೀಯ ಸಂಗೀತ ಕೊಡುವ ವಾಹಿನಿ. ಹಿಂದೂಸ್ತಾನಿ, ಕರ್ನಾಟಕ ಎರಡೂ ಅಲ್ಲಿ ಬರುತ್ತವೆ.

ಡೇಟಾ ಖರ್ಚಾಗುತ್ತದೆಂಬ ಭಯ ಬೇಡ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಹರಿಯುವ ಪ್ರಸಾರಕ್ಕೆ ತಾಸಿಗೆ ಸುಮಾರು 29 ಎಂಬಿ ಸಾಕು. ದಿನಕ್ಕೆ ಮೂರು ತಾಸು ಕೇಳಿದರೂ ತಿಂಗಳಿಗೆ 2.6 ಜಿಬಿ. ಗುಣಮಟ್ಟ ಇಮ್ಮಡಿಯಾದರೆ ಖರ್ಚೂ ಇಮ್ಮಡಿ, ಅಷ್ಟೇ. ಒಂದು ಮಾತು ನೆನಪಿಡಿ: ಇಂಟರ್ನೆಟ್ ಪ್ರಸಾರ ನಿಜವಾದ ಹೊತ್ತಿಗಿಂತ ಹಲವು ಸೆಕೆಂಡು ಹಿಂದೆ ಇರುತ್ತದೆ. ಅದರ ಸಮಯ ಸಂಕೇತ ಕೇಳಿ ಗಡಿಯಾರ ಸರಿಮಾಡಬಾರದು.

ಫೋನಿನ ಸ್ವಂತ ಸ್ಪೀಕರ್ ಅಡುಗೆಮನೆಯ ಸದ್ದಿಗೆ ಸಾಲದು. ಅದಕ್ಕೊಂದು ಸಣ್ಣ ಬ್ಲೂಟೂತ್ ಸ್ಪೀಕರ್ ಜೋಡಿಸಿದರೆ ಫೋನು ಹಾಲಿನಲ್ಲೇ ಉಳಿಯುತ್ತದೆ, ಎಣ್ಣೆಗೈ ತಾಗುವುದಿಲ್ಲ. ಅಲೆಕ್ಸಾದಂಥ ಮಾತು ಕೇಳುವ ಸ್ಪೀಕರ್ ಆದರೆ ಹಿಟ್ಟಿನ ಕೈಯಲ್ಲೇ ನಿಂತು ಸ್ಟೇಷನ್ ಬದಲಿಸಬಹುದು. ಅದರ ಅನುಕೂಲ ದೊಡ್ಡದು. ಆದರೆ ಅದಕ್ಕೆ ಸದಾ ಕರೆಂಟು ಬೇಕು, ಸದಾ ವೈಫೈ ಬೇಕು. ದುರಸ್ತಿಗೆಂದು ಗುರುವಾರ ಕರೆಂಟು ತೆಗೆದಾಗ ರೌಟರ್ ಆರುತ್ತದೆ, ಅದರೊಡನೆ ಸ್ಪೀಕರೂ ಮೌನವಾಗುತ್ತದೆ. ಸೆಲ್ ಹಾಕಿದ ರೇಡಿಯೊ ಮಾತ್ರ ಹಾಡುತ್ತಿರುತ್ತದೆ. ಕಟ್ಟಡದ ಎಲ್ಲ ಬಲ್ಬು, ಚಾರ್ಜರ್ ಆರಿದ್ದರಿಂದ ಆ ಹೊತ್ತಿನಲ್ಲಿ ಮಧ್ಯಮ ತರಂಗ ಎಂದಿಗಿಂತ ಸ್ವಚ್ಛವಾಗಿ ಕೇಳುತ್ತದೆ.

ನಿಮ್ಮದೇ ಹಾಡುಗಳ ಸಂಗ್ರಹ ಇದ್ದರೆ ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಹಾಕುವ ಕಿಂಡಿಯುಳ್ಳ ಸ್ಪೀಕರ್ ನೋಡಿ. ಸಾಧಾರಣ ಗುಣಮಟ್ಟದ ಎಂಪಿ3ಯಲ್ಲಿ ಒಂದು ತಾಸಿನ ರಾಗಕ್ಕೆ 58 ಎಂಬಿ ಸಾಕು, 8 ಜಿಬಿಯಲ್ಲಿ ನೂರಕ್ಕೂ ಹೆಚ್ಚು ತಾಸಿನ ಸಂಗೀತ ಹಿಡಿಸುತ್ತದೆ. 2017ರಲ್ಲಿ ಬಂದ ಸಾರೆಗಮ ಕಾರವಾನ್‌ನಂಥ ಪೆಟ್ಟಿಗೆಗಳು ಸಾವಿರಾರು ಹಳೆಯ ಹಾಡುಗಳನ್ನು ಒಳಗೇ ತುಂಬಿಕೊಂಡು ಬರುತ್ತವೆ. ವಯಸ್ಸಾದವರಿಗೆ ಅದು ಹಿತ. ಆದರೆ ದೊಡ್ಡ ಮಾದರಿ ಕಟ್ಟೆಯನ್ನು ತಿನ್ನುತ್ತದೆ, ಅಡುಗೆಮನೆಗೆ ಸಣ್ಣದೇ ಸರಿ.

ಒಂದೇ ಸ್ಪೀಕರ್ ಸಾಕು

ಎಡ-ಬಲ ಎರಡು ಪೆಟ್ಟಿಗೆಯ ಸ್ಟೀರಿಯೊ ಒಂದೇ ಕಡೆ ಕೂತು ಕೇಳುವವರಿಗೆ ಮಾಡಿದ್ದು. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಜ್ಜಿಗೆ ಓಡಾಡುವವರಿಗೆ ಅದರ ಫಲ ಸಿಗುವುದಿಲ್ಲ. ಅಡುಗೆಮನೆಗೆ ಒಂದೇ ಸ್ಪೀಕರ್ ಸಾಕು, ಜಾಗ ಅಲ್ಲಿಗೇ ಅರ್ಧ ಉಳಿಯಿತು.

ಶಕ್ತಿಯ ವಿಷಯದಲ್ಲೂ ಆಸೆ ಬೇಡ. ಏಳೆಂಟು ಅಡಿ ಉದ್ದಗಲದ ಕೋಣೆಗೆ 3ರಿಂದ 5 ವಾಟ್ ಧಾರಾಳ. ಡಬ್ಬಿಯ ಮೇಲೆ ಪಿಎಂಪಿಒ ಎಂದು ಬರೆದ ಸಾವಿರದ ಅಂಕಿಗೆ ಬೆಲೆ ಕೊಡಬೇಡಿ. ಆರ್‌ಎಂಎಸ್ ಎಂದು ಬರೆದ ಅಂಕಿಯೇ ನಿಜವಾದ ಅಳತೆ. ದನಿಯ ಏರಿಳಿತದಲ್ಲಿ ವಾಟ್‌ಗಿಂತ ದೂರದ ಪಾತ್ರ ದೊಡ್ಡದು. ಸ್ಪೀಕರಿಗೂ ಕಿವಿಗೂ ಇರುವ ಅಂತರ ಅರ್ಧವಾದರೆ ನೇರವಾಗಿ ಬರುವ ದನಿ 6 ಡೆಸಿಬಲ್ ಏರುತ್ತದೆ. ಹಾಲಿನ ದೊಡ್ಡ ಸ್ಪೀಕರನ್ನು ಕಿರುಚಿಸುವುದಕ್ಕಿಂತ ಕೈಯಳತೆಯಲ್ಲಿರುವ ಸಣ್ಣದನ್ನು ಮೆಲ್ಲಗೆ ಹಚ್ಚುವುದು ಮೇಲು.

ಅಡುಗೆಮನೆಯಲ್ಲಿ ಟೈಲ್ಸು, ಗ್ರಾನೈಟು, ಸ್ಟೀಲು, ಗಾಜು ಎಲ್ಲವೂ ಗಟ್ಟಿ ಮೈಯವು. ದನಿ ಅಲ್ಲಿಂದಿಲ್ಲಿಗೆ ಪುಟಿದು ಮಾತಿನ ಅಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಕಿಟಕಿಗೊಂದು ಬಟ್ಟೆಯ ಪರದೆ, ಬಾಗಿಲಿಗೊಂದು ದಪ್ಪ ಕಾಲೊರಸು ಇದ್ದರೆ ಅಷ್ಟಿಷ್ಟು ಹೀರಿಕೊಳ್ಳುತ್ತವೆ. ಒಲೆಯ ಹತ್ತಿರ ಮಾತ್ರ ಪರದೆ ಕಟ್ಟಬೇಡಿ. ಸ್ಪೀಕರನ್ನು ಎರಡು ಗೋಡೆ ಕೂಡುವ ಮೂಲೆಗೆ ಒತ್ತಿ ಇಟ್ಟರೆ ಮಂದ್ರ ಉಬ್ಬಿ ವಾರ್ತೆ ಓದುವವರ ಮಾತು ಗುಡುಗಿದಂತಾಗುತ್ತದೆ. ಮೂಲೆಯಿಂದ ಒಂದಡಿ ಈಚೆಗೆ ತಂದರೆ ಸರಿಹೋಗುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಕುಣಿತದ ಹಾಡು ಹಾಕಿ ನೋಡಬೇಡಿ, ಅದು ಎಲ್ಲ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಎರಡು ಪರೀಕ್ಷೆ ಸಾಕು. ಒಂದು, ವಾರ್ತೆಯ ಮಾತು. ಸ, ಶ, ಷ ಮೂರೂ ಬೇರೆಬೇರೆಯಾಗಿ ಕೇಳಬೇಕು. ಎರಡು, ಖ್ಯಾಲು. ತಾನಪುರದ ನಾದ ಹರಿದ ಕಾಗದದಂತೆ ಬಡಿದುಕೊಳ್ಳಬಾರದು, ತಬಲಾ ಜೋಡಿಯ ಡಗ್ಗಾದ ಗುಮ್ಮೆನ್ನುವ ದನಿ ಬರೀ ‘ಟಪ್’ ಎಂದು ಕೇಳಬಾರದು. ಎರಡಂಗುಲದ ಸ್ಪೀಕರಿನಲ್ಲಿ ಡಗ್ಗಾ ಪೂರ್ತಿ ಬರುವುದಿಲ್ಲ. ಮೂರಂಗುಲದ್ದಾದರೆ ತಕ್ಕಮಟ್ಟಿಗೆ ಬರುತ್ತದೆ.

ಎಲ್ಲಿ ಇಡುವುದು?

ಇಡೀ ವಿಷಯದ ಹೂರಣ ಇರುವುದು ಇಲ್ಲಿ. ಕಟ್ಟೆ ರೊಟ್ಟಿಗೆ ಸೇರಿದ್ದು, ರೇಡಿಯೊಗೆ ಗೋಡೆ ಕೊಡಿ.

ಮೊದಲ ಜಾಗ ಕಟ್ಟೆಗೂ ಮೇಲಿನ ಕಪಾಟಿಗೂ ನಡುವಿನ ಗೋಡೆ. ಈ ಅಂತರ ಸುಮಾರು ಎರಡಡಿ ಇರುತ್ತದೆ. ಕಪಾಟಿನ ಆಳ ಸಾಮಾನ್ಯವಾಗಿ ಒಂದಡಿಯಾದ್ದರಿಂದ ಅದರ ತಳದ ಕೆಳಗೆ ಯಾರೂ ಬಳಸದ ಒಂದು ಟೊಳ್ಳು ಉಳಿಯುತ್ತದೆ. ಚಪ್ಪಟೆಯ ಬ್ಲೂಟೂತ್ ಸ್ಪೀಕರನ್ನು ಕಪಾಟಿನ ತಳಕ್ಕೆ ಎರಡು ಎಲ್ ಪಟ್ಟಿ ಹೊಡೆದು ತೊಟ್ಟಿಲಿನಂತೆ ತೂಗುಹಾಕಬಹುದು. ವೆಲ್ಕ್ರೊ ಪಟ್ಟಿಯಾದರೂ ನಡೆಯುತ್ತದೆ, ಆದರೆ ಹಬೆಗೆ ಅಂಟು ಬಿಡುತ್ತದೆ ಎಂಬುದು ನೆನಪಿರಲಿ. ಇಲ್ಲಿ ದನಿ ಕಿವಿಗೆ ಹತ್ತಿರ, ಕೈಗೂ ಎಟಕುತ್ತದೆ. ಒಲೆಯ ನೇರ ಮೇಲೆ ಬೇಡ, ಒಲೆಯಿಂದ ಒಂದು ಮೀಟರಾದರೂ ದೂರವಿರಲಿ.

ಎರಡನೆಯದು ಡ್ರೈ ಬಾಲ್ಕನಿಯ ಬಾಗಿಲ ಪಕ್ಕ. ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಹೊಂದಿಕೊಂಡು ಪಾತ್ರೆ ತೊಳೆಯಲು, ವಾಷಿಂಗ್ ಮಷಿನ್ ಇಡಲು ಈ ಸಣ್ಣ ಬಾಲ್ಕನಿ ಇರುತ್ತದೆ. ಅದರ ಬಾಗಿಲ ಚೌಕಟ್ಟಿನ ಒಳಬದಿ ಎಫ್‌ಎಂಗೂ ಮಧ್ಯಮ ತರಂಗಕ್ಕೂ ಇಡೀ ಅಡುಗೆಮನೆಯಲ್ಲೇ ಉತ್ತಮ ಜಾಗ. ಗಾಳಿ-ಬೆಳಕಿನ ಜೊತೆ ಅಲೆಯೂ ಅಲ್ಲಿಂದ ಒಳಗೆ ಬರುತ್ತದೆ. ಒಂದು ಕೊಕ್ಕೆ ಹೊಡೆದು ಹಿಡಿಕೆಯುಳ್ಳ ರೇಡಿಯೊ ನೇತುಹಾಕಿ. ಅಡುಗೆ ಮಾಡುವಾಗಲೂ ಪಾತ್ರೆ ತೊಳೆಯುವಾಗಲೂ ಒಂದೇ ರೇಡಿಯೊ ಕೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಎರಚಲು ತಾಗದಂತೆ ಕೊಕ್ಕೆ ಬಾಗಿಲಿನ ಒಳಗಡೆಯೇ ಇರಬೇಕು. ಈ ಬಾಲ್ಕನಿಗಳು ಮೇಲೆ ಕೆಳಗೆ ಒಂದರ ಮೇಲೊಂದು ಇರುವುದರಿಂದ ದನಿ ನೆರೆಮನೆಗೂ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಹಚ್ಚುವವರು ಸ್ಪೀಕರಿನ ಮುಖ ಒಳಗಡೆ ತಿರುಗಿಸಿಡಲಿ.

ಮೂರನೆಯದು ಫ್ರಿಜ್ಜು. ನೆತ್ತಿಯ ಮೇಲೆ ಇಡುವವರೇ ಹೆಚ್ಚು, ಆದರೆ ಅಲ್ಲಿ ನಡುಕ, ಧೂಳು, ಕಂಪ್ರೆಸರಿನ ವಿದ್ಯುತ್ ಗದ್ದಲ ಮೂರೂ ಇವೆ, ದನಿ ತಲೆಯ ಮೇಲೆ ಹಾದುಹೋಗುತ್ತದೆ. ಬೆನ್ನಿಗೆ ಅಯಸ್ಕಾಂತ ಇರುವ ಸಣ್ಣ ಸ್ಪೀಕರನ್ನು ಫ್ರಿಜ್ಜಿನ ಮಗ್ಗುಲಿಗೆ ಎದೆಯೆತ್ತರದಲ್ಲಿ ಅಂಟಿಸಬಹುದು. ರೇಡಿಯೊ ಗ್ರಾಹಕಕ್ಕೆ ಮಾತ್ರ ಆ ಜಾಗ ಬೇಡ, ಲೋಹದ ದೊಡ್ಡ ಹಾಳೆ ಅಲೆಯನ್ನು ತಡೆಯುತ್ತದೆ.

ಪೇಟೆಗಳ ಹಳೆಯ ವಾಡೆಗಳಲ್ಲಿ ಇನ್ನೂ ವಾಸವಿರುವವರಿಗೆ ಈ ಚಿಂತೆ ಕಡಿಮೆ. ಮರದ ತೊಲೆ, ಇಟ್ಟಿಗೆಯ ಗೋಡೆ ಅಲೆಗೆ ಅಷ್ಟಾಗಿ ಅಡ್ಡ ಬರುವುದಿಲ್ಲ, ಗೋಡೆಯೊಳಗಿನ ಗೂಡು ರೇಡಿಯೊಗೆಂದೇ ಮಾಡಿದಂತಿರುತ್ತದೆ.

ಅಡುಗೆಮನೆಯ ವೈರಿಗಳು

ಮಿಕ್ಸರ್ ತಿರುಗುವಾಗ ಮಧ್ಯಮ ತರಂಗದಲ್ಲಿ ಕರಕರ ಸದ್ದು ಬರುವುದು ಅದರ ಮೋಟರಿನೊಳಗೆ ಕಾರ್ಬನ್ ಬ್ರಷ್ ಉಜ್ಜಿ ಹಾರುವ ಕಿಡಿಗಳಿಂದ. ಅದು ನಿಮಿಷದ ಮಾತು, ಸಹಿಸಬಹುದು. ಬಿಡದೆ ಕಾಡುವುದು ಅಗ್ಗದ ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್, ಇಂಡಕ್ಷನ್ ಒಲೆ. ರೇಡಿಯೊ ಹಚ್ಚಿಟ್ಟು ಒಂದೊಂದನ್ನೇ ಆರಿಸುತ್ತ ಬನ್ನಿ, ಗದ್ದಲ ಯಾವುದರದೆಂದು ಸಿಕ್ಕಿಬೀಳುತ್ತದೆ. ಬಲ್ಬಾದರೆ ಬದಲಿಸಿ. ಇಂಡಕ್ಷನ್ ಆದರೆ ರೇಡಿಯೊವನ್ನು ದೂರ ಸರಿಸಿ.

ಬ್ಲೂಟೂತ್‌ಗೆ ವೈರಿ ಮೈಕ್ರೊವೇವ್ ಓವನ್. ಅದು ಬಳಸುವ ಅಲೆ 2.45 ಗಿಗಾಹರ್ಟ್ಸ್, ಬ್ಲೂಟೂತ್ ಮತ್ತು ಹಳೆಯ ವೈಫೈ ಇರುವುದೂ ಅದೇ ಬೀದಿಯಲ್ಲಿ. ಹಾಲು ಬಿಸಿಯಾಗುವ ಹೊತ್ತು ಹಾಡು ತುಂಡುತುಂಡಾದರೆ ಸ್ಪೀಕರು ಕೆಟ್ಟಿಲ್ಲ, ಓವನಿನಿಂದ ಒಂದೆರಡು ಮೀಟರ್ ಆಚೆ ಇಡಿ. ಇಂಟರ್ನೆಟ್ ಸ್ಪೀಕರ್ ಆದರೆ 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿ.

ನೀರಿನಿಂದ ರಕ್ಷಣೆಗೆ ಐಪಿ ಎಂಬ ಗುರುತು ನೋಡಬೇಕು. ಐಪಿಎಕ್ಸ್4 ಇದ್ದರೆ ಸಿಂಕಿನ ಎರಚಲು ತಡೆಯುತ್ತದೆ, ಅಡುಗೆಮನೆಗೆ ಅಷ್ಟು ಸಾಕು. ಐಪಿ67 ಇದ್ದರೆ ಧೂಳೂ ಒಳಹೋಗದು, ಒಂದು ಮೀಟರ್ ನೀರಲ್ಲಿ ಅರ್ಧ ತಾಸು ಬಿದ್ದರೂ ತಡೆದೀತು. ಆದರೆ ಒಗ್ಗರಣೆಯ ಹೊಗೆಗೆ ಯಾವ ಐಪಿ ಅಂಕಿಯೂ ಭರವಸೆ ಕೊಡುವುದಿಲ್ಲ. ಎಣ್ಣೆಯ ಹಬೆ ಜಾಲರಿಯ ಮೇಲೆ ಕೂತು, ಅದಕ್ಕೆ ಧೂಳು ಮೆತ್ತಿ, ವರ್ಷದೊಳಗೆ ದನಿ ಮಂಕಾಗುತ್ತದೆ. ದನಿಯ ಗುಬ್ಬಿ ತಿರುವಿದಾಗ ಕರಕರ ಎನ್ನುವುದೂ ಈ ಜಿಡ್ಡಿನಿಂದಲೇ. ವಾರಕ್ಕೊಮ್ಮೆ ಒಣಬಟ್ಟೆ, ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸೆಟ್ಟಿನ ಆಯುಷ್ಯ ಹೆಚ್ಚುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇರುವ ಯಾವುದನ್ನೂ ಒಲೆಯ ಕಾವು ತಾಗುವಲ್ಲಿ ಇಡಬಾರದು. ಕಾವಿಗೆ ಬ್ಯಾಟರಿ ಬೇಗ ಸಾಯುತ್ತದೆ, ಊದಿಕೊಂಡರೆ ಅಪಾಯವೂ ಇದೆ.

ವೈರಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ರೇಡಿಯೊಗೆ 6 ಆಂಪಿಯರಿನ ಸಣ್ಣ ಸಾಕೆಟ್ ಸಾಕು. ಮಿಕ್ಸರ್, ಓವನ್ ಜೊತೆ ಒಂದೇ ಎಕ್ಸ್‌ಟೆನ್ಷನ್ ಡಬ್ಬಿಗೆ ಸಿಕ್ಕಿಸಬೇಡಿ. ವೈರು ಒಲೆಯ ಮೇಲಾಗಲಿ ಸಿಂಕಿನ ಮೇಲಾಗಲಿ ಹಾದು ಹೋಗಬಾರದು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು.

ಮಿಕ್ಸರಿನ ಸದ್ದನ್ನು ಮೀರಿಸಲು ದನಿ ಏರಿಸುವ ಚಾಳಿಯನ್ನೂ ಬಿಡೋಣ. ವಾರಕ್ಕೆ 40 ತಾಸು ಕೇಳುವವರಿಗೆ 80 ಡೆಸಿಬಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಟ್ನಿ ರುಬ್ಬುವ ಒಂದು ನಿಮಿಷ ಹಾಡು ಕೇಳದಿದ್ದರೆ ನಷ್ಟವೇನೂ ಇಲ್ಲ.

ಕೊಳ್ಳುವ ಹೊತ್ತು

ಬುಧವಾರ ಪೇಟೆಯ ತಪಕೀರ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಸಾಲಾಗಿವೆ. ಆನ್‌ಲೈನ್‌ನಲ್ಲಿ ಕಾಣದ ಒಂದು ಅನುಕೂಲ ಅಲ್ಲಿದೆ, ಕೈಯಲ್ಲಿ ಹಿಡಿದು ತಿರುವಿ ನೋಡಬಹುದು. ಗುಬ್ಬಿ ಇದೆಯೇ, ಬರೀ ಸವರುವ ಗುಂಡಿಗಳೇ ಎಂದು ಮೊದಲು ನೋಡಿ. ರೊಟ್ಟಿಯ ಹಿಟ್ಟು ಮೆತ್ತಿದ ಕೈಗೆ ಸವರುವ ಗುಂಡಿ ಒಗ್ಗುವುದಿಲ್ಲ, ಗುಬ್ಬಿಯಾದರೆ ಮಣಿಕಟ್ಟಿನಿಂದಲೂ ತಿರುವಬಹುದು. ಕರೆಂಟು, ಸೆಲ್ ಎರಡರಲ್ಲೂ ನಡೆಯುತ್ತದೆಯೇ ಕೇಳಿ. ಚಾರ್ಜರ್ ಮತ್ತು ಬ್ಲೂಟೂತ್ ಸ್ಪೀಕರಿನ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಲ್ಲು ತಪ್ಪದೆ ಪಡೆಯಿರಿ. ಅಂಗಡಿಯ ಮೊಬೈಲು, ದೀಪಗಳ ಗದ್ದಲದಲ್ಲಿ ಮಧ್ಯಮ ತರಂಗ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಹಿಡಿಯದಿದ್ದರೆ ವಾಪಸು ತೆಗೆದುಕೊಳ್ಳುವರೇ ಎಂದು ದುಡ್ಡು ಕೊಡುವ ಮುಂಚೆಯೇ ಮಾತಾಡಿಕೊಳ್ಳಿ.

ಕೊನೆಗೆ ನನ್ನ ತೀರ್ಮಾನ. ಬರೀ ಹಿಂದಿ, ಮರಾಠಿ ಹಾಡು ಸಾಕೆನ್ನುವ ಮನೆಗೆ ಕಿಟಕಿ ಬದಿ ತೂಗುವ, ಎಫ್‌ಎಂ ಇರುವ ಒಂದು ಸಣ್ಣ ಬ್ಲೂಟೂತ್ ಸ್ಪೀಕರೇ ಎಲ್ಲ ಕೆಲಸ ಮಾಡುತ್ತದೆ. ಶಾಸ್ತ್ರೀಯ ಸಂಗೀತವೇ ಮುಖ್ಯವಾದವರು ಮೂರಂಗುಲದ ಸ್ಪೀಕರ್, ಜೊತೆಗೆ ‘ರಾಗಂ’ ಅಥವಾ ತಮ್ಮದೇ ಮೆಮೊರಿ ಕಾರ್ಡ್ ಇಟ್ಟುಕೊಳ್ಳಲಿ. ಕನ್ನಡ ಬೇಕೇಬೇಕು ಎನ್ನುವವರಿಗೆ ನಾನು ಎರಡನ್ನೂ ಹೇಳುತ್ತೇನೆ: ಡ್ರೈ ಬಾಲ್ಕನಿಯ ಬಾಗಿಲಿಗೆ ಗುಬ್ಬಿಯುಳ್ಳ, ಸೆಲ್ ಹಾಕುವ, ಎಫ್‌ಎಂ ಮತ್ತು ಮಧ್ಯಮ ತರಂಗದ ರೇಡಿಯೊ, ಕಪಾಟಿನ ತಳಕ್ಕೆ ಬ್ಲೂಟೂತ್ ಸ್ಪೀಕರ್. ಎರಡೂ ಸೇರಿ ಕಟ್ಟೆಯ ಮೇಲೆ ಹಿಡಿಯುವ ಜಾಗ ಸೊನ್ನೆ.

ಆದರೆ ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನೆಂಟರ ಮನೆಯಲ್ಲೋ ಅಟ್ಟದ ಮೇಲೋ ಇರುವ ಹಳೆಯ ರೇಡಿಯೊ ಒಂದನ್ನು ಇಳಿಸಿ, ಹೊಸ ಸೆಲ್ ಹಾಕಿ. ರಾತ್ರಿಯ ಅಡುಗೆಯ ಹೊತ್ತಿಗೆ ಕಿಟಕಿ ಬದಿ ಹಿಡಿದು, ಮುಖವನ್ನು ದಕ್ಷಿಣಕ್ಕೆ ಮಾಡಿ, 765ರ ಸುತ್ತ ಮುಳ್ಳನ್ನು ಮೆಲ್ಲಗೆ ಸರಿಸಿ. ಕನ್ನಡ ಕೇಳಿತೋ, ನಿಮ್ಮ ಕೊಕ್ಕೆ ಹೊಡೆಯಬೇಕಾದ ಜಾಗ ಅದೇ. ಕೇಳದಿದ್ದರೆ ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ, ಧಾರವಾಡವನ್ನು ಫೋನಿನಲ್ಲಿ ಕೇಳಿ.